ಕಾಳಿಯ ತೆಪ್ಪ, ಕಡಲ ಹಾಯಿದೋಣಿ

ಸಮುದ್ರದ ಮಾತನ್ನು ಆರಂಭಿಸಲು ಇಂದೂರ ತಕ್ಕ ಸ್ಥಳವೆಂದು ಯಾರೂ ಭಾವಿಸಲಾರರು. ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಈ ಊರಿನಲ್ಲಿ ಅಲೆಗಳ ಮೊರೆತವಿಲ್ಲ, ಉಪ್ಪುಗಾಳಿಯ ಸೋಂಕಿಲ್ಲ. ಧಾರವಾಡ ಸೀಮೆಯ ಬಯಲು ಮುಗಿದು ಮಲೆನಾಡಿನ ಸೆರಗು ಹರಡಿಕೊಳ್ಳುವ ಈ ಭಾಗದಲ್ಲಿ ಕಣ್ಣಿಗೆ ಬೀಳುವುದು ಗದ್ದೆ, ಕೆರೆ, ಅವುಗಳ ಹಿಂದೆ ಕಾಡು. ಮಳೆಗಾಲದ ಮೊದಲ ಹನಿಗಳು ತೇಗದ ಅಗಲವಾದ ಎಲೆಗಳ ಮೇಲೆ ಬೀಳುವಾಗ ಏಳುವ ಸದ್ದೇ ಇಲ್ಲಿಯ ತೆರೆಗಳ ಸದ್ದು.

ಆದರೂ ಈ ನಾಡಿಗೂ ಸಾಗರಕ್ಕೂ ಎರಡು ಬಗೆಯ ನಂಟುಂಟು. ಮೊದಲನೆಯದು ನೀರಿನದು. ಮುಂಡಗೋಡ ಸೀಮೆಯ ಧರ್ಮಾ ನದಿ ವರದೆಯನ್ನು ಸೇರಿ, ತುಂಗಭದ್ರೆಯಾಗಿ, ಕೃಷ್ಣೆಯಾಗಿ ಪೂರ್ವ ಸಮುದ್ರಕ್ಕೆ ಹೋಗುತ್ತದೆ. ಅನತಿದೂರದಲ್ಲಿ ಹರಿಯುವ ಬೇಡ್ತಿಯಾದರೋ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರು ಹೊತ್ತು ಪಶ್ಚಿಮ ಸಮುದ್ರದ ದಾರಿ ಹಿಡಿಯುತ್ತದೆ. ಎರಡನೆಯ ನಂಟು ಮರದ್ದು. ಮುಂಡಗೋಡ, ಹಳಿಯಾಳ, ದಾಂಡೇಲಿಗಳ ಕಾಡು ತೇಗದ ಕಾಡು. ತೇಗವೆಂದರೆ ಹಡಗು ಕಟ್ಟುವವನ ಕನಸಿನ ಮರ.

ತೇಗದ ಮೈಯಲ್ಲಿ ಸಹಜವಾದ ಎಣ್ಣೆಯ ಅಂಶವಿದೆ. ಗೆದ್ದಲು ಅದನ್ನು ಸುಲಭವಾಗಿ ಮುಟ್ಟದು, ನೀರು ಬೇಗನೆ ಇಳಿಯದು, ಬಿಸಿಲಿಗೆ ಸೀಳದು. ಅದರಲ್ಲಿ ಹೊಡೆದ ಕಬ್ಬಿಣದ ಮೊಳೆಯನ್ನು ಓಕ್ ಮರದ ಹುಳಿರಸ ತಿನ್ನುವಂತೆ ತೇಗ ತಿನ್ನುವುದಿಲ್ಲ. ಈ ಗುಣಗಳನ್ನು ಅರಿತೇ ಮುಂಬಯಿಯ ವಾಡಿಯಾ ಮನೆತನದವರು ಪಶ್ಚಿಮ ಕರಾವಳಿಯ ತೇಗದಲ್ಲಿ ಬ್ರಿಟಿಷ್ ನೌಕಾಪಡೆಗೆ ಹಡಗುಗಳನ್ನು ಕಟ್ಟಿಕೊಟ್ಟರು. 1817ರಲ್ಲಿ ಅಲ್ಲಿ ನೀರಿಗಿಳಿದ ‘ಟ್ರಿಂಕೊಮಲಿ’ ಎಂಬ ಹಡಗು ಎರಡು ಶತಮಾನ ಕಳೆದರೂ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ನೀರಿನ ಮೇಲೆಯೇ ತೇಲುತ್ತಿದೆ ಎಂದರೆ ಆ ಮರದ ಸತ್ತ್ವಕ್ಕೆ ಬೇರೆ ಸಾಕ್ಷಿ ಬೇಕೆ?

ಅದೇ ಮುಂಬಯಿಯಲ್ಲಿ 1964ರಲ್ಲಿ ಮತ್ತೊಂದು ತೇಗದ ಕೂಸು ನೀರಿಗಿಳಿಯಿತು. ಸುಮಾರು 32 ಅಡಿ ಉದ್ದದ ಪುಟ್ಟ ಹಾಯಿದೋಣಿ, ಹೆಸರು ‘ಸುಹೇಲಿ’. ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ತರುಣ ನಾವಿಕ ಅದರ ಒಡೆಯ. 1968ರ ಜೂನ್ 14ರಂದು ಆತ ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಒಬ್ಬನೇ ಹೊರಟು, ಎಲ್ಲಿಯೂ ನಿಲ್ಲದೆ ಭೂಮಂಡಲವನ್ನು ಸುತ್ತಿ, 312 ದಿನಗಳ ಅನಂತರ, 1969ರ ಏಪ್ರಿಲ್ 22ರಂದು ಅದೇ ಬಂದರಿಗೆ ಮರಳಿದ. ಗೋಲ್ಡನ್ ಗ್ಲೋಬ್ ಎಂಬ ಆ ಪಂದ್ಯಕ್ಕೆ ಹೊರಟವರು ಒಂಬತ್ತು ಮಂದಿ. ಗುರಿ ಮುಟ್ಟಿದವನು ಆತನೊಬ್ಬನೇ. ಆ ಕಾಲದಲ್ಲಿ ಸ್ಪರ್ಧಿಯ ದೋಣಿಯನ್ನು ಪರೀಕ್ಷಿಸುವವರಿರಲಿಲ್ಲ. ನಾವಿಕನ ಅನುಭವವೆಷ್ಟೆಂದು ಕೇಳುವವರೂ ಇರಲಿಲ್ಲ. ದಾರಿಯಲ್ಲಿ ಸುಹೇಲಿಯ ಅಡಿಯ ಸಂದುಗಳು ಬಿಟ್ಟು ನೀರು ಜಿನುಗತೊಡಗಿದಾಗ ನಾಕ್ಸ್-ಜಾನ್‌ಸ್ಟನ್ ನಡುಗಡಲಿನಲ್ಲಿ ಮುಳುಗಿ ಮುಳುಗಿ ಎದ್ದು, ಸಂದಿಗೆ ಹತ್ತಿ ತುಂಬಿ, ಮೇಲೆ ಕ್ಯಾನ್ವಾಸಿನ ಪಟ್ಟಿಯಿಟ್ಟು, ಅದರ ಮೇಲೆ ತಾಮ್ರದ ತಗಡು ಬಡಿದ. ಮರ ಎಷ್ಟೇ ಒಳ್ಳೆಯದಿರಲಿ, ಅದನ್ನು ನೋಡಿಕೊಳ್ಳುವ ಕೈ ಬೇಕು; ಆ ಕೈಗೆ ಬೇಕಾದ ಸಾಮಾನು ಹೊರಡುವ ಮುನ್ನವೇ ದೋಣಿಯಲ್ಲಿರಬೇಕು. ಈ ಸಣ್ಣ ಮಾತು ಎಷ್ಟು ದೊಡ್ಡದೆಂಬುದನ್ನು ಕಾಣಲು ಇಂದೂರದಿಂದ ಪಡುವಣಕ್ಕೆ, ಕಾಳಿಯ ಕಣಿವೆಯ ಕಡೆಗೆ ಹೊರಡಬೇಕು.

ಗಣೇಶಗುಡಿಯ ಬೆಳಗು

ಹಳಿಯಾಳವನ್ನು ದಾಟಿ ದಾಂಡೇಲಿಯನ್ನು ಹೊಕ್ಕರೆ ಕಾಡು ಒತ್ತಾಗುತ್ತದೆ. ಅರಣ್ಯ ಇಲಾಖೆಯ ಮರದ ಸಂಗ್ರಹಾಲಯದಿಂದ ಬಹುಕಾಲ ಹೆಸರಾದ ಊರಿದು. ಮುಂದೆ ಜೋಯಿಡಾ ತಾಲ್ಲೂಕಿನ ಗಣೇಶಗುಡಿ. ಇದೇ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿ ನದಿಗೆ ಇಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟನ್ನು ಕಟ್ಟಲಾಗಿದೆ. ಹಳೆಯ ಸೂಪಾ ಪಟ್ಟಣ ಆ ಜಲರಾಶಿಯ ತಳದಲ್ಲಿ ನಿದ್ರಿಸುತ್ತಿದೆ. ಅಣೆಕಟ್ಟಿನ ವಿದ್ಯುದಾಗಾರದಿಂದ ಹೊರಬೀಳುವ ನೀರು ಬಂಡೆಗಳ ನಡುವೆ ನುಗ್ಗಿ ನೊರೆಯೇಳುವ ಕೆಳಭಾಗದಲ್ಲಿ, ಗಾಳಿ ತುಂಬಿದ ರಬ್ಬರಿನ ತೆಪ್ಪಗಳಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಸೆಳವು ಇಳಿಸುವ ಕ್ರೀಡೆ ನಡೆಯುತ್ತದೆ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಿಂದ ಸಂಸಾರ ಸಮೇತರಾಗಿ ಜನ ಬರುವುದುಂಟು.

ನದಿಯ ಸೆಳವುಗಳನ್ನು ಅವುಗಳ ಉಗ್ರತೆಗೆ ತಕ್ಕಂತೆ ಒಂದರಿಂದ ಆರರವರೆಗೆ ವರ್ಗೀಕರಿಸುವ ಅಂತರರಾಷ್ಟ್ರೀಯ ಕ್ರಮವಿದೆ. ಕಾಳಿಯ ಈ ಭಾಗದ ಸೆಳವುಗಳು ಎರಡು ಮತ್ತು ಮೂರನೆಯ ವರ್ಗದವು: ಹೊಸಬರನ್ನು ಬೆಚ್ಚಿಬೀಳಿಸಲು ಸಾಕು, ಬಲ್ಲವರ ಕೈಯಲ್ಲಿ ಕ್ಷೇಮ. ಬಲ್ಲವರ ಕೈ ಎಂಬ ಮಾತಿನಲ್ಲಿಯೇ ಎಲ್ಲವೂ ಅಡಗಿದೆ.

ದಡದಲ್ಲಿ ತೆಪ್ಪವನ್ನು ನೀರಿಗಿಳಿಸುವ ಮುನ್ನ ನಡೆಯುವ ಕೆಲಸವನ್ನು ಹೆಚ್ಚಿನ ಪ್ರವಾಸಿಗರು ಬೇಸರದಿಂದ ನೋಡುತ್ತಾರೆ. ಒಳ್ಳೆಯ ಮಾರ್ಗದರ್ಶಿ ಮೊದಲು ತೆಪ್ಪದ ಮೈಯನ್ನು ಅಂಗೈಯಿಂದ ಒತ್ತಿ ಗಾಳಿಯ ಬಿಗಿಯನ್ನು ಪರೀಕ್ಷಿಸುತ್ತಾನೆ. ತೆಪ್ಪದ ಒಳಗೆ ಒಂದೇ ಗಾಳಿಚೀಲವಲ್ಲ, ಹಲವು ಕೋಣೆಗಳಿವೆ. ಒಂದು ಬಂಡೆಗೆ ತಾಗಿ ಹರಿದರೂ ಉಳಿದವು ತೇಲಿಸುತ್ತವೆ. ಸುತ್ತಲಿನ ಹಗ್ಗ ಹಿಡಿಯಲು ಭದ್ರವಾಗಿದೆಯೇ ಎಂದು ಎಳೆದು ನೋಡುತ್ತಾನೆ. ಎಸೆಯುವ ಹಗ್ಗದ ಚೀಲವನ್ನು ಬಿಚ್ಚಿ, ಹಗ್ಗದಲ್ಲಿ ಗಂಟಿಲ್ಲವೆಂದು ಖಚಿತಪಡಿಸಿಕೊಂಡು ಮತ್ತೆ ತುಂಬುತ್ತಾನೆ. ಈ ಹಗ್ಗ ನೀರಿನಲ್ಲಿ ಮುಳುಗದ ಜಾತಿಯದು. ಮುಳುಗುವ ಹಗ್ಗ ಕೊಚ್ಚಿಹೋಗುತ್ತಿರುವವನ ಕೈಗೆ ಸಿಕ್ಕುವುದಾದರೂ ಹೇಗೆ?

ಅನಂತರ ಜೀವರಕ್ಷಕ ಜಾಕೀಟುಗಳ ಸರದಿ. “ಅಕ್ಕಾರೆ, ಇನ್ನೊಂದು ಸ್ವಲ್ಪ ಬಿಗಿ ಮಾಡ್ರಿ” ಎಂದು ಮಾರ್ಗದರ್ಶಿ ಹೇಳಿದರೆ, “ಉಸಿರು ಕಟ್ಟುತ್ತಪ್ಪಾ, ಇಷ್ಟೇ ಸಾಕು” ಎಂಬುದು ಗೃಹಿಣಿಯರ ಸಾಮಾನ್ಯ ಉತ್ತರ. ಆತ ವಾದಿಸುವುದಿಲ್ಲ. ಜಾಕೀಟಿನ ಹೆಗಲ ಪಟ್ಟಿಗಳನ್ನು ಹಿಡಿದು ಮೇಲಕ್ಕೆ ಎತ್ತಿ ತೋರಿಸುತ್ತಾನೆ. ಸಡಿಲವಾದ ಜಾಕೀಟು ಕಿವಿಯವರೆಗೆ ಏರಿಬರುತ್ತದೆ. ನೀರಿಗೆ ಬಿದ್ದಾಗಲೂ ಅದು ಹೀಗೆಯೇ ಏರಿ, ಜಾಕೀಟು ತೇಲುವುದು, ತೊಟ್ಟವರು ಕೆಳಗೆ ಜಾರುವುದು! ನೋಡಿದವರು ಮರುಮಾತಿಲ್ಲದೆ ಬಿಗಿದುಕೊಳ್ಳುತ್ತಾರೆ. ಬಿದ್ದರೆ ಬೆನ್ನ ಮೇಲೆ ತೇಲಬೇಕು, ಪಾದಗಳು ಹರಿವಿನ ದಿಕ್ಕಿಗೆ ಮುಂದಿರಬೇಕು, ಸೆಳವಿನಲ್ಲಿ ಎದ್ದು ನಿಲ್ಲಲು ಯತ್ನಿಸಬಾರದು. ನಿಂತರೆ ಪಾದ ಬಂಡೆಯ ಸಂದಿಗೆ ಸಿಕ್ಕಿ ಪ್ರವಾಹ ತಲೆಯನ್ನು ಒಳಗೊತ್ತುತ್ತದೆ. ಇಷ್ಟನ್ನು ಹೇಳಿ ಮುಗಿಸಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷದ ಬೆಲೆ ನದಿಯಲ್ಲಿ ಹತ್ತು ಸೆಕೆಂಡಿನಲ್ಲಿ ತಿಳಿಯುತ್ತದೆ.

ಈ ಬೆಲೆಯನ್ನು ಮರೆತದ್ದೂ ಉಂಟು. 2022ರ ಏಪ್ರಿಲ್ ತಿಂಗಳಿನಲ್ಲಿ ಗಣೇಶಗುಡಿಯ ಬಳಿ, ಮಿತಿಗಿಂತ ಹೆಚ್ಚು ಜನರನ್ನು ಕೂರಿಸಿಕೊಂಡ ತೆಪ್ಪವೊಂದು ಸೆಳವಿಗೆ ಸಿಕ್ಕಿ ಅಪಾಯದ ಅಂಚಿಗೆ ಬಂದಿತು. ಬೇರೆ ತೆಪ್ಪದವರು ಧಾವಿಸಿ ಒಳಗಿದ್ದವರನ್ನು ಪಾರುಮಾಡಿದರು. ಜಿಲ್ಲಾಡಳಿತ ಜಲಕ್ರೀಡೆಗಳನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಅಂದು ತೆಪ್ಪ ಕೆಟ್ಟಿರಲಿಲ್ಲ, ನದಿಯೂ ಹೊಸದಾಗಿರಲಿಲ್ಲ. ಲೆಕ್ಕ ತಪ್ಪಿತ್ತು, ಅಷ್ಟೆ.

ಕೋಡಿಬಾಗದಿಂದ ದಿವಾಡಿಗೆ

ಕಾಳಿ ಒಟ್ಟು 184 ಕಿಲೋಮೀಟರ್ ಹರಿದು ಕಾರವಾರದ ಬಳಿ ಸಮುದ್ರವನ್ನು ಸೇರುತ್ತದೆ. ಅಣೆಕಟ್ಟುಗಳಿಲ್ಲದ ಕಾಲದಲ್ಲಿ ಘಟ್ಟದ ತೇಗವನ್ನು ಕಾಳಿಯ ನೀರಿನಲ್ಲಿ ತೇಲಿಬಿಟ್ಟು ಕಾರವಾರದ ಕೋಡಿಬಾಗಕ್ಕೆ ತರುತ್ತಿದ್ದರು; ಅಲ್ಲಿಂದ ಅದು ಹಡಗೇರಿ ದೂರದ ಬಂದರುಗಳಿಗೆ ಹೋಗುತ್ತಿತ್ತು. ಕದ್ರಾ, ಕೊಡಸಳ್ಳಿ, ಬೊಮ್ಮನಹಳ್ಳಿ, ಸೂಪಾ ಅಣೆಕಟ್ಟುಗಳು ಎದ್ದ ಮೇಲೆ ಮರದ ದಿಮ್ಮಿ ನದಿಗುಂಟ ಇಳಿಯುವಂತಿಲ್ಲ.

ಕೋಡಿಬಾಗದಲ್ಲಿ ನದಿಯ ಮುಖ ವಿಶಾಲವಾಗಿದೆ. ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ. ಇಲ್ಲಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಲಾರಿಯೊಂದು ನದಿಗೆ ಬಿದ್ದಿತು. ಆ ಕತ್ತಲೆಯಲ್ಲಿ ಚಾಲಕನನ್ನು ನೀರಿನಿಂದ ಮೇಲೆತ್ತಲು ಪೊಲೀಸರಿಗೆ ನೆರವಾದವರು ಸ್ಥಳೀಯ ಮೀನುಗಾರರು. ಸಿದ್ಧವಾಗಿದ್ದ ದೋಣಿ, ಅದನ್ನು ನಡೆಸಬಲ್ಲ ಕೈ ಇವೆರಡಿಗೂ ನೀರಿನ ದಂಡೆಯಲ್ಲಿ ಯಾವ ಹೊತ್ತಿನಲ್ಲಿ ಕರೆ ಬರುವುದೆಂದು ಹೇಳಲಾಗದು.

ಕಾರವಾರದಿಂದ ಬಡಗಣಕ್ಕೆ ಹೊರಟು, ಮಾಜಾಳಿಯಲ್ಲಿ ಕರ್ನಾಟಕದ ಗಡಿ ದಾಟಿ ಗೋವೆಯನ್ನು ಹೊಕ್ಕರೆ ಕನ್ನಡಿಗರಿಗೆ ಪರಿಚಿತವಾದ ಮತ್ತೊಂದು ನದಿ ಎದುರಾಗುತ್ತದೆ. ಜೋಯಿಡಾದ ನೆರೆಯ ಖಾನಾಪುರ ತಾಲ್ಲೂಕಿನ ದೇಗಾಂವದಲ್ಲಿ ಹುಟ್ಟುವ ಮಹದಾಯಿಯೇ ಗೋವೆಯಲ್ಲಿ ಮಾಂಡವಿ. ಹಳೆಯ ಗೋವೆಯಿಂದ ಫೆರಿಯನ್ನು ಹತ್ತಿ ಈ ನದಿಯನ್ನು ದಾಟಿದರೆ ದಿವಾಡಿ ದ್ವೀಪ. ಗದ್ದೆ, ತೆಂಗು, ಹಳೆಯ ಕಾಲದ ಮನೆಗಳ ಈ ಪ್ರಶಾಂತ ದ್ವೀಪದಲ್ಲಿ ರತ್ನಾಕರ ದಾಂಡೇಕರ ಅವರ ಅಕ್ವೇರಿಯಸ್ ಎಂಬ ದೋಣಿ ಕಾರ್ಖಾನೆಯಿದೆ. ಭಾರತೀಯರು ಹಾಯಿದೋಣಿಯಲ್ಲಿ ಜಗತ್ತನ್ನು ಸುತ್ತಿದ ಇತಿಹಾಸದ ಹಲವು ಪುಟಗಳು ಇಲ್ಲಿಂದಲೇ ತೆರೆದಿವೆ.

ಇಲ್ಲಿ ಕಟ್ಟಿದ 56 ಅಡಿಯ ‘ಮ್ಹಾದೇಯಿ’ 2009ರಲ್ಲಿ ನೌಕಾಪಡೆಯನ್ನು ಸೇರಿತು. ನದಿಯ ಹೆಸರನ್ನೇ ಹೊತ್ತ ಆ ದೋಣಿಯಲ್ಲಿ ದಿಲೀಪ್ ದೋಂಡೆ ಅವರು 2009ರಿಂದ 2010ರವರೆಗೆ ನಾಲ್ಕು ಕಡೆ ತಂಗಿ ಏಕಾಕಿಯಾಗಿ ಜಗತ್ತನ್ನು ಸುತ್ತಿದರು. ಅಭಿಲಾಷ್ ಟೋಮಿ ಅವರು 2012ರ ನವೆಂಬರ್ 1ರಂದು ಮುಂಬಯಿ ಬಿಟ್ಟು, ಎಲ್ಲಿಯೂ ನಿಲ್ಲದೆ, ಯಾರ ನೆರವನ್ನೂ ಪಡೆಯದೆ 2013ರಲ್ಲಿ ಮರಳಿದರು. ಅದೇ ಮಾದರಿಯ ‘ತಾರಿಣಿ’ಯಲ್ಲಿ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರಿನಿಂದ 2018ರ ಮೇ ತಿಂಗಳವರೆಗೆ ಭೂಪ್ರದಕ್ಷಿಣೆ ಮಾಡಿದರು.

ಪಟ್ಟಿಯೆಂಬ ಎರಡನೆಯ ನಾವಿಕ

ಇಂಥ ಪಂದ್ಯಕ್ಕೆ ಹೊರಡುವ ದೋಣಿಗೆ ಬೇಕಾದುದೇನು? ಹಾಯಿ, ಕೂವೆಕಂಬ, ಚುಕ್ಕಾಣಿ, ಧೈರ್ಯ ಎಂದು ಉತ್ತರಿಸಿದರೆ ಪಂದ್ಯದ ಪರೀಕ್ಷಕರು ತಲೆಯಾಡಿಸುತ್ತಾರೆ. ವರ್ಲ್ಡ್ ಸೇಲಿಂಗ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಕಡಲ ಪಂದ್ಯಗಳಿಗಾಗಿ ಸುರಕ್ಷತೆಯ ನಿಯಮಾವಳಿಯನ್ನು ಪ್ರಕಟಿಸುತ್ತದೆ. ಸಾಗರವನ್ನೇ ದಾಟುವ ಪಂದ್ಯ ಸೊನ್ನೆಯ ವರ್ಗದ್ದು. ದಡಕ್ಕೆ ಹತ್ತಿರವಾದಷ್ಟೂ ವರ್ಗದ ಸಂಖ್ಯೆ ಏರುತ್ತದೆ, ನಿಯಮಗಳ ಬಿಗಿ ಇಳಿಯುತ್ತದೆ. ದೋಣಿಯ ಮತ್ತು ಅದರಲ್ಲಿರುವವರ ಕ್ಷೇಮಕ್ಕೆ ದೋಣಿಯ ನಾಯಕನೇ ಹೊಣೆ, ಆ ಹೊಣೆಯಿಂದ ಆತ ತಪ್ಪಿಸಿಕೊಳ್ಳುವಂತಿಲ್ಲ ಎಂಬುದು ಅದರ ಮೂಲಸೂತ್ರ.

ಈ ನಿಯಮಗಳ ಹಿಂದೆ ಕಣ್ಣೀರಿನ ಕಥೆಗಳಿವೆ. 1979ರ ಆಗಸ್ಟಿನಲ್ಲಿ ಇಂಗ್ಲೆಂಡಿನಿಂದ ಐರ್ಲೆಂಡಿನ ಫಾಸ್ಟ್‌ನೆಟ್ ಬಂಡೆಯನ್ನು ಸುತ್ತಿಬರುವ ಪಂದ್ಯಕ್ಕೆ 303 ದೋಣಿಗಳು ಹೊರಟವು. ದಾರಿಯಲ್ಲಿ ಬಿರುಗಾಳಿ ಎರಗಿತು. 15 ಮಂದಿ ಸ್ಪರ್ಧಿಗಳು ಸತ್ತರು. 24 ದೋಣಿಗಳನ್ನು ನಾವಿಕರು ತೊರೆದರು; ಆದರೆ ಮುಳುಗಿದವು ಐದೇ! ಉಳಿದ 19 ದೋಣಿಗಳು ಬಿರುಗಾಳಿ ಇಳಿದ ಮೇಲೂ ತೇಲುತ್ತಿದ್ದವು. ಭಯಗೊಂಡು ದೊಡ್ಡ ದೋಣಿಯಿಂದ ಸಣ್ಣ ತೆಪ್ಪಕ್ಕೆ ಹಾರಿದವರಲ್ಲಿ ಕೆಲವರನ್ನು ಆ ತೆಪ್ಪವೇ ಉಳಿಸಲಾರದೆ ಹೋಯಿತು. ದೋಣಿ ಕಾಲಡಿಯಿಂದ ಜಾರಿ, ತೆಪ್ಪಕ್ಕೆ ಮೇಲಕ್ಕೆ ಹತ್ತಬೇಕಾದಾಗ ಮಾತ್ರ ದೋಣಿಯನ್ನು ಬಿಡಬೇಕೆಂಬ ನಾವಿಕರ ಮಾತಿಗೆ ಅಂದಿನಿಂದ ಹೆಚ್ಚಿನ ಬೆಲೆ ಬಂದಿತು. ಪಂದ್ಯದ ನಿಯಮಗಳೂ ಬಿಗಿಯಾದವು.

ನಿಯಮಾವಳಿಯ ಪಟ್ಟಿಯನ್ನು ಓದುತ್ತ ಹೋದರೆ ಮದುವೆಮನೆಯ ಸಾಮಾನು ಚೀಟಿಯಂತೆ ತೋರುತ್ತದೆ. ತಾನಾಗಿ ಗಾಳಿ ತುಂಬಿಕೊಳ್ಳುವ ಜೀವರಕ್ಷಕ ತೆಪ್ಪ. ದೋಣಿಯನ್ನು ತೊರೆಯುವಾಗ ಕೈಗೆತ್ತಿಕೊಳ್ಳಲು ಸಿದ್ಧವಾಗಿಟ್ಟ ಚೀಲ. ಒತ್ತಿದೊಡನೆ ಉಪಗ್ರಹದ ಮೂಲಕ ದಡದ ರಕ್ಷಣಾ ಕೇಂದ್ರಕ್ಕೆ ಸ್ಥಾನವನ್ನು ತಿಳಿಸುವ ‘ಇಪಿರ್ಬ್’ ಎಂಬ ಸಂಕಟಸೂಚಕ. ಬಿರುಗಾಳಿಗೆಂದೇ ಹೊಲಿಸಿದ ಸಣ್ಣ, ಗಟ್ಟಿಯಾದ ಹಾಯಿಗಳು. ಚುಕ್ಕಾಣಿ ಮುರಿದರೆ ಬದಲಿ ಏರ್ಪಾಡು. ದೋಣಿಯ ಉದ್ದಕ್ಕೂ ಬಿಗಿದ ಸುರಕ್ಷಾ ಹಗ್ಗ. ಅದಕ್ಕೆ ಸೊಂಟವನ್ನು ಕಟ್ಟಿಕೊಳ್ಳಲು 2 ಮೀಟರಿಗೆ ಮೀರದ ಕಟ್ಟುಹಗ್ಗ. ನೀರು ಹೊರಚೆಲ್ಲಲು ಪಂಪುಗಳು. ಇಷ್ಟೆಲ್ಲ ಯಂತ್ರಗಳ ನಡುವೆ ತಲಾ 9 ಲೀಟರ್ ನೀರು ಹಿಡಿಯುವ, ಹಗ್ಗ ಕಟ್ಟಿದ, ಗಟ್ಟಿಮುಟ್ಟಾದ ಎರಡು ಬಕೆಟ್ಟುಗಳು! ಮುಳುಗುವ ದೋಣಿಯಲ್ಲಿ ಹೆದರಿದವನ ಕೈಯ ಬಕೆಟ್ಟಿಗೆ ಸಮನಾದ ಪಂಪಿಲ್ಲವೆಂದು ನಾವಿಕರು ತಮಾಷೆಗೆ ಹೇಳುವುದುಂಟು. ನಿಯಮ ಬರೆದವರು ಅದನ್ನು ತಮಾಷೆಯೆಂದು ಬಗೆದಂತಿಲ್ಲ.

ಇನ್ನೊಂದು ವಸ್ತು ತೇಗದ ನಾಡಿನವರಿಗೆ ವಿಶೇಷವಾಗಿ ರುಚಿಸೀತು. ದೋಣಿಯ ತಳದಲ್ಲಿ ನೀರು ಒಳಬರಲು, ಹೊರಹೋಗಲು ಕೊಳವೆಯ ತೂತುಗಳಿರುತ್ತವೆ. ಅಂಥ ಪ್ರತಿಯೊಂದು ತೂತಿನ ಪಕ್ಕದಲ್ಲಿಯೂ ಅದರ ಅಳತೆಯ ಮರದ ಬೆಣೆಯೊಂದನ್ನು ಕಟ್ಟಿ ತೂಗಿಸಿರಬೇಕು. ಕೊಳವೆ ಒಡೆದರೆ ಕತ್ತಲೆಯಲ್ಲಿ ತಡಕಿದರೂ ಬೆಣೆ ಕೈಗೆ ಸಿಕ್ಕಬೇಕು. ಆ ಬೆಣೆ ತೇಗದ್ದಾಗಬಾರದು, ಮೆದುಮರದ್ದೇ ಆಗಬೇಕು. ತೇಗ ನೀರು ಕುಡಿಯದು. ಮೆದುಮರ ನೀರು ಕುಡಿದು ಉಬ್ಬಿ ತೂತನ್ನು ತಾನಾಗಿ ಬಿಗಿಯುತ್ತದೆ. ಶತಮಾನ ಬಾಳುವ ರಾಜಮರಕ್ಕೆ ಸಾಧ್ಯವಾಗದ ಕೆಲಸವನ್ನು ಬಡಮರದ ತುಂಡು ಮಾಡಿ ತೋರಿಸುತ್ತದೆ.

ಸಾಮಾನು ಕೊಂಡರೆ ಸಾಲದು, ಅದನ್ನು ಜೀವಂತವಾಗಿಡಬೇಕು. ಕೂವೆಕಂಬವನ್ನು ಬಿಗಿದ ಉಕ್ಕಿನ ಹುರಿಯ ಮೇಲೆ ಹತ್ತಿಯ ಉಂಡೆಯನ್ನು ಸವರುತ್ತ ಹೋಗಬೇಕು. ಒಂದು ಎಳೆ ತುಂಡಾಗಿದ್ದರೂ ಹತ್ತಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಕಾಣದ ದೋಷ ಹತ್ತಿಗೆ ಕಾಣುತ್ತದೆ. ಜಾಕೀಟಿನೊಳಗಿನ ಪುಟ್ಟ ಗಾಳಿ ಸಿಲಿಂಡರನ್ನು ತೂಗಿ ನೋಡಬೇಕು. ತೂಕ ಕಡಿಮೆಯಾಗಿದ್ದರೆ ಅನಿಲ ಸೋರಿದೆಯೆಂದು ಅರ್ಥ. ಸಂಕಟದ ಬಾಣಬಿರುಸಿಗೂ, ಸಂಕಟಸೂಚಕದ ಬ್ಯಾಟರಿಗೂ ಔಷಧದ ಶೀಶೆಗಿರುವಂತೆ ಅವಧಿಯ ತಾರೀಖಿದೆ. ಜೀವರಕ್ಷಕ ತೆಪ್ಪವನ್ನು ಗೊತ್ತಾದ ಅವಧಿಗೊಮ್ಮೆ ಪರಿಣತರಲ್ಲಿ ಬಿಚ್ಚಿಸಿ, ಪರೀಕ್ಷಿಸಿ, ಮಡಿಸಿ ತರಬೇಕು. ಅಡಿಗೆಮನೆಯ ಪ್ರೆಷರ್ ಕುಕ್ಕರಿನ ವಾಲ್ವನ್ನು ಬದಲಿಸಲು ಮರೆಯದ ಗೃಹಿಣಿಗೆ ಈ ಶಾಸ್ತ್ರವನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ. ವರ್ಷಕ್ಕೊಮ್ಮೆ ಆಯುಧಪೂಜೆಯಂದು ತೊಳೆದು ಕುಂಕುಮವಿಟ್ಟರೆ ತೀರುವ ಕೆಲಸ ಇದಲ್ಲ.

ತುರೀಯದ ಪರೀಕ್ಷೆ

ಸುಹೇಲಿಯ ಸಾಹಸಕ್ಕೆ ಐವತ್ತು ವರ್ಷ ತುಂಬಿದ 2018ರಲ್ಲಿ ಗೋಲ್ಡನ್ ಗ್ಲೋಬ್ ಪಂದ್ಯ ಮತ್ತೆ ನಡೆಯಿತು. ಸ್ಪರ್ಧಿಗಳು ಹಳೆಯ ಕಾಲದಂತೆ ನಕ್ಷತ್ರ, ಸೂರ್ಯರನ್ನು ಅಳೆದೇ ದಾರಿ ಕಾಣಬೇಕು. 32ರಿಂದ 36 ಅಡಿಯ, ಹಳೆಯ ವಿನ್ಯಾಸದ ದೋಣಿಗಳನ್ನೇ ಬಳಸಬೇಕು. ಆದರೆ ಸುರಕ್ಷತೆಯ ವಿಷಯದಲ್ಲಿ ಮಾತ್ರ 1968 ಮರುಕಳಿಸಬಾರದೆಂದು ಆಯೋಜಕರು ನಿಶ್ಚಯಿಸಿದ್ದರು. ಸ್ಪರ್ಧಿಗೆ 8,000 ಮೈಲಿಗಳ ಸಾಗರಾನುಭವ, ಅದರ ಮೇಲೆ 2,000 ಮೈಲಿಗಳ ಏಕಾಕಿ ಯಾನ ಕಡ್ಡಾಯ. ದಾರಿ ಕಾಣಲು ಬಳಸಬಾರದ ಉಪಗ್ರಹ ಯಂತ್ರವನ್ನು ಮೊಹರು ಮಾಡಿದ ಪೆಟ್ಟಿಗೆಯಲ್ಲಿ ಇಟ್ಟಿರಬೇಕು. ಪ್ರಾಣಕ್ಕೆ ಬಂದಾಗ ಮೊಹರು ಒಡೆಯಬಹುದು.

ಈ ಪಂದ್ಯಕ್ಕೆ ಅಭಿಲಾಷ್ ಟೋಮಿ ಅವರಿಗಾಗಿ ದಿವಾಡಿಯ ಕಾರ್ಖಾನೆ ಸುಹೇಲಿಯ ಪ್ರತಿರೂಪವನ್ನೇ ಕಟ್ಟಿಕೊಟ್ಟಿತು. ಜಾಗ್ರತ್, ಸ್ವಪ್ನ, ಸುಷುಪ್ತಿಗಳ ಆಚೆಯ ನಾಲ್ಕನೆಯ ಅವಸ್ಥೆಯ ನೆನಪಿಗೆ ಅದಕ್ಕೆ ‘ತುರೀಯ’ ಎಂದು ಹೆಸರಿಟ್ಟರು. 2018ರ ಜುಲೈ 1ರಂದು ಫ್ರಾನ್ಸಿನ ಲೇ ಸಾಬ್ಲ್ ದೊಲೋನ್ ಬಂದರಿನಿಂದ ಪಂದ್ಯ ಹೊರಟಿತು. ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ, ಆಸ್ಟ್ರೇಲಿಯದ ಪರ್ತ್ ನಗರದಿಂದ ಸುಮಾರು 1,900 ಮೈಲಿ ದೂರದಲ್ಲಿ, ಭೀಕರವಾದ ಬಿರುಗಾಳಿ ಎದುರಾಯಿತು. ಹತ್ತಿಪ್ಪತ್ತು ಅಡಿಯಲ್ಲ, ಮೂರು ನಾಲ್ಕು ಅಂತಸ್ತಿನ ಕಟ್ಟಡದೆತ್ತರದ ಅಲೆಗಳು. ತುರೀಯ ಮಗುಚಿ ಎದ್ದಿತು. ಕೂವೆಕಂಬಗಳು ಮುರಿದವು. ಟೋಮಿ ಅವರ ಬೆನ್ನೆಲುಬಿಗೆ ಪೆಟ್ಟಾಗಿ ಎದ್ದು ನಿಲ್ಲಲೂ ಆಗದಂತಾಯಿತು.

ಆ ಕ್ಷಣದಲ್ಲಿ ಅವರ ಶೌರ್ಯದಿಂದ ಆಗಬಹುದಾದುದು ಏನೂ ಉಳಿದಿರಲಿಲ್ಲ. ಉಳಿದಿದ್ದುದು ತಿಂಗಳುಗಳ ಹಿಂದೆ ದಡದಲ್ಲಿ ಯೋಚಿಸಿ ಅಳವಡಿಸಿದ ಸಾಧನಗಳು. ಸಂಕಟಸೂಚಕ ತನ್ನ ಕೆಲಸ ಮಾಡಿತು. ಕೈಗೆಟುಕಿದ ಸಣ್ಣ ಸಂದೇಶಯಂತ್ರದಿಂದ ಮಲಗಿದ್ದಂತೆಯೇ ತಮ್ಮ ಸ್ಥಿತಿಯನ್ನು ನಾಲ್ಕು ಮಾತಿನಲ್ಲಿ ತಿಳಿಸಲು ಅವರಿಗೆ ಸಾಧ್ಯವಾಯಿತು. ಆಸ್ಟ್ರೇಲಿಯದ ರಕ್ಷಣಾ ಕೇಂದ್ರ ಕಾರ್ಯಾಚರಣೆಯನ್ನು ಹೊಂದಿಸಿತು. ಭಾರತೀಯ ನೌಕಾಪಡೆಯ ವಿಮಾನ ದೋಣಿಯನ್ನು ಗುರುತಿಸಿತು. ಅದೇ ಬಿರುಗಾಳಿಯಲ್ಲಿ ತನ್ನ ಕೂವೆಯನ್ನೂ ಕಳೆದುಕೊಂಡಿದ್ದ ಐರಿಷ್ ಸ್ಪರ್ಧಿ ಗ್ರೆಗರ್ ಮೆಕ್‌ಗುಕಿನ್ ತಾತ್ಕಾಲಿಕ ಹಾಯಿ ಕಟ್ಟಿಕೊಂಡು ಸಹಸ್ಪರ್ಧಿಯ ಕಡೆಗೆ ದೋಣಿಯನ್ನು ತಿರುಗಿಸಿದ. ಸೆಪ್ಟೆಂಬರ್ 24ರಂದು ಫ್ರಾನ್ಸಿನ ‘ಒಸಿರಿಸ್’ ನೌಕೆ ತಲುಪಿ ಗಾಯಾಳುವನ್ನು ಎತ್ತಿಕೊಂಡಿತು. ಒಂದು ಪ್ರಾಣಕ್ಕಾಗಿ ಮೂರು ದಿನ ಹಲವು ದೇಶಗಳು ದುಡಿದವು. ಆದರೆ ಎಲ್ಲಿಗೆ ಹೋಗಬೇಕೆಂಬ ಸುಳಿವನ್ನು ಕೊಟ್ಟದ್ದು ಅಂಗೈಗೆ ಒಗ್ಗುವ ಸಣ್ಣ ಪೆಟ್ಟಿಗೆ.

ಅವರು ಬೆನ್ನಿನ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಂಡು 2022ರ ಸೆಪ್ಟೆಂಬರ್ 4ರಂದು ‘ಬಯಾನತ್’ ಎಂಬ ದೋಣಿಯಲ್ಲಿ ಅದೇ ಪಂದ್ಯಕ್ಕೆ ಮತ್ತೆ ಹೊರಟರು. ಹೊರಟವರು 16 ಮಂದಿ. ನವೆಂಬರ್ 18ರಂದು, ದಕ್ಷಿಣ ಆಫ್ರಿಕದ ಆಗ್ನೇಯಕ್ಕೆ, ಫಿನ್ಲೆಂಡಿನ ತಾಪಿಯೋ ಲೆಹ್ಟಿನೆನ್ ಅವರ ‘ಆಸ್ಟೇರಿಯಾ’ ದೋಣಿಗೆ ಇದ್ದಕ್ಕಿದ್ದಂತೆ ನೀರು ನುಗ್ಗಿತು. ಸುಮಾರು ಐದೇ ನಿಮಿಷ! ದೋಣಿ ಮುಳುಗಿಹೋಯಿತು. ಐದು ನಿಮಿಷದಲ್ಲಿ ಹುಡುಕಲು ಸಮಯವಿಲ್ಲ, ಓದಲು ಸಮಯವಿಲ್ಲ. ಎಲ್ಲವೂ ಇದ್ದಲ್ಲಿಯೇ ಇರಬೇಕು, ಕೈಗೆ ಅಭ್ಯಾಸವಾಗಿರಬೇಕು. ಚಳಿನೀರಿನಿಂದ ಕಾಪಾಡುವ ಉಡುಪು ತೊಟ್ಟು ಅವರು ತೆಪ್ಪವನ್ನೇರಿದರು. ಸಂಕಟಸೂಚಕ ಕರೆಯಿತು. ದೂರದಲ್ಲಿದ್ದ ದಕ್ಷಿಣ ಆಫ್ರಿಕದ ಸ್ಪರ್ಧಿ ಕರ್ಸ್ಟನ್ ನಾಯ್‌ಷೇಫರ್ ಪಂದ್ಯವನ್ನು ಬದಿಗಿಟ್ಟು ರಾತ್ರಿಯಿಡೀ ಹಾಯಿ ನಡೆಸಿ, ಮರುದಿನ ಆ ಸಣ್ಣ ತೆಪ್ಪವನ್ನು ಅಲೆಗಳ ನಡುವೆ ಕಂಡುಹಿಡಿದು ಅವರನ್ನು ತಮ್ಮ ದೋಣಿಗೆ ಹತ್ತಿಸಿಕೊಂಡರು. ಬಳಿಕ ಸಮೀಪಕ್ಕೆ ಬಂದ ‘ದರಿಯಾ ಗಾಯತ್ರಿ’ ಎಂಬ ಸರಕುಹಡಗಿಗೆ ಒಪ್ಪಿಸಿ ತಮ್ಮ ದಾರಿ ಹಿಡಿದರು. 2023ರ ಏಪ್ರಿಲ್ 27ರಂದು ಪಂದ್ಯವನ್ನು ಗೆದ್ದವರೂ ಅವರೇ. ಎರಡು ದಿನಗಳ ಅನಂತರ ಟೋಮಿ ಎರಡನೆಯವರಾಗಿ ದಡ ಸೇರಿದರು. ದಾರಿಯಲ್ಲಿ ಚುಕ್ಕಾಣಿಯನ್ನು ತಾನಾಗಿ ನಡೆಸುವ ಗಾಳಿಯಂತ್ರ ಕೆಟ್ಟಾಗ ಅವರು ಶೌಚಗೃಹದ ಬಾಗಿಲನ್ನೇ ಕುಯ್ದು ಅದರ ದುರಸ್ತಿಗೆ ಬಳಸಿದ್ದರು.

ಮರಳಿ ಕಾಳಿಗೆ

ಕಡಲ ಪಂದ್ಯದ ಸಾಹಸಿಗಳಿಗೂ ರಜೆಯ ನಾಲ್ಕು ದಿನ ದಾಂಡೇಲಿಗೆ ಹೋಗುವ ಸಂಸಾರವಂದಿಗರಿಗೂ ಏನು ಸಂಬಂಧವೆಂದು ಕೇಳಬಹುದು. ಸಾಗರದ ಅಳತೆ ಬೇರೆ, ನದಿಯ ಅಳತೆ ಬೇರೆ. ನಿಯಮ ಮಾತ್ರ ಒಂದೇ. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ, ನೀರಿಗೆ ಬಿದ್ದ ಮೇಲೆ ಜಾಕೀಟಿನ ಪಟ್ಟಿಯನ್ನು ಬಿಗಿಯಲಾಗದು. ಗಣೇಶಗುಡಿಯ ದಡದಲ್ಲಿ ನಿಂತವರು ಹಣ ಕೊಡುವ ಮುನ್ನ ನಾಲ್ಕು ಸಂಗತಿಗಳನ್ನು ನೋಡಿಕೊಂಡರೆ ಸಾಕು: ತೆಪ್ಪಕ್ಕೆ ಎಷ್ಟು ಜನ ಎಂಬ ಮಿತಿಯಿದೆಯೇ, ಜಾಕೀಟು ಮತ್ತು ತಲೆಗವಚ ಪ್ರತಿಯೊಬ್ಬರ ಅಳತೆಗೂ, ಮುಖ್ಯವಾಗಿ ಮಕ್ಕಳ ಅಳತೆಗೆ, ಸರಿಯಾಗಿವೆಯೇ, ಎಸೆಯುವ ಹಗ್ಗ ಕೈಗೆಟುಕುವಲ್ಲಿದೆಯೇ, ಬಿದ್ದರೆ ಏನು ಮಾಡಬೇಕೆಂದು ಹೇಳಿಕೊಡುತ್ತಿದ್ದಾರೆಯೇ? ಇವುಗಳಲ್ಲಿ ಒಂದಕ್ಕೆ ಇಲ್ಲವೆಂಬ ಉತ್ತರ ಬಂದರೂ ದಡದಲ್ಲಿ ಕುಳಿತು ನದಿಯನ್ನು ನೋಡುವುದೇ ಲೇಸು. ಕಾಳಿ ಅಲ್ಲಿಂದಲೂ ಸುಂದರವಾಗಿಯೇ ಕಾಣುತ್ತಾಳೆ.

ಸಂಜೆ ಕೊನೆಯ ತೆಪ್ಪ ದಡ ಮುಟ್ಟಿದ ಮೇಲೆ ಪ್ರವಾಸಿಗರು ಚಹಾದಂಗಡಿಯ ಕಡೆಗೆ ನಡೆಯುತ್ತಾರೆ. ಮಾರ್ಗದರ್ಶಿಗಳ ಕೆಲಸ ಆಗ ಮತ್ತೆ ಆರಂಭವಾಗುತ್ತದೆ. ತೆಪ್ಪವನ್ನು ತೊಳೆದು ಮರಳು ತೆಗೆಯಬೇಕು. ಜಾಕೀಟುಗಳನ್ನು ಬಿಸಿಲಿಗಲ್ಲ, ನೆರಳಿಗೆ ಹರವಬೇಕು. ಒದ್ದೆಯಾದ ಹಗ್ಗವನ್ನು ಒಣಗಿಸಿ ಗಂಟಿಲ್ಲದಂತೆ ಚೀಲಕ್ಕೆ ತುಂಬಬೇಕು. ನೋಡುವವರಿಲ್ಲದ, ಹೊಗಳುವವರಿಲ್ಲದ ಕೆಲಸವಿದು. ನಾಳೆ ಬೆಳಗ್ಗೆ ಯಾರದೋ ಮಗು ಆ ಜಾಕೀಟನ್ನು ತೊಡಲಿದೆ.